ಕಲ್ಲಿನಂಥ ನಿದ್ದೆ

ಮುದುಕಿಗೆ ತನ್ನ ನಿದ್ದೆಯ ಬಗ್ಗೆ ಇದ್ದ ಜಂಬ ತನ್ನ ಕೈಯಡುಗೆಯ ಬಗ್ಗೆಯೂ ಇರಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ರಾತ್ರಿಪಾಳಿ ಮಾಡಿ ಮಾಡಿಯೇ ನಿವೃತ್ತಳಾದವಳು. ಪರದೆಯಿಲ್ಲದ ಕೋಣೆಯಲ್ಲಿ, ಹಗಲು ಬೆಳಕಿನಲ್ಲಿ, ಬೀದಿಯ ಗದ್ದಲ ಕಿವಿಗೆ ಬೀಳುತ್ತಿದ್ದಂತೆಯೇ ಮಲಗಿ ಪಳಗಿದವಳು. “ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತಾರೆ. ನಂಗೆ ಚಿಂತೆ ಇದ್ರೂ ಬರುತ್ತೆ. ದಿಂಬಿಗೆ ತಲೆ ಕೊಟ್ರೆ ಮುಗೀತು, ಕಲ್ಲು,” ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಸೊಸೆ ಇದನ್ನು ಎಷ್ಟು ಸಲ ಕೇಳಿದ್ದಳೆಂದರೆ, ಅತ್ತೆಯ ಬಾಯಿಂದ “ಚಿಂತೆ ಇಲ್ಲದವನಿಗೆ” ಎಂದು ಹೊರಡುತ್ತಲೇ ಎದ್ದು ಹೋಗಿ ಪಾತ್ರೆ ತೊಳೆಯಲು ಶುರುಮಾಡುತ್ತಿದ್ದಳು.

ಅಂಥ ಮನೆಗೆ ನಿದ್ದೆ ಅಳೆಯುವ ಯಂತ್ರವೊಂದು ಬಂತು. ಬಂದದ್ದು ಮುದುಕಿಗಲ್ಲ, ಮಗನಿಗೆ.

ಮಗ ಬೇಕರಿಯಲ್ಲಿ ಕೆಲಸಗಾರ. ಹುಡುಗನಾಗಿದ್ದಾಗಲೇ ಹಿಡಿದ ಕಾಯಿಲೆಗೆ ಡಾಕ್ಟರು ‘ಬೈಪೋಲಾರ್’ ಎಂದಿದ್ದರು. ಮುದುಕಿ ಅದನ್ನು ತನ್ನ ಬಾಯಿಗೆ ಒಗ್ಗುವಂತೆ ‘ಏರಿಳಿತ’ ಎಂದು ಮಾಡಿಕೊಂಡಿದ್ದಳು. ಏರಿದಾಗ ಅವನಿಗೆ ನಿದ್ದೆ ಬೇಡ, ಊಟ ಬೇಡ, ಲೋಕವೆಲ್ಲ ಅಂಗೈಯಲ್ಲಿ. ಇಳಿದಾಗ ಹಾಸಿಗೆ ಬಿಟ್ಟು ಏಳಲಾರ, ಹಲ್ಲುಜ್ಜುವುದೂ ಬೆಟ್ಟ ಹೊತ್ತ ಹಾಗೆ. ನಡುವೆ ತಿಂಗಳುಗಟ್ಟಲೆ, ಪುಣ್ಯವಿದ್ದರೆ ವರ್ಷಗಟ್ಟಲೆ, ಎಲ್ಲರಂಥ ಮನುಷ್ಯ. ನಿಜ ಹೇಳಬೇಕೆಂದರೆ ಎಲ್ಲರಿಗಿಂತ ಒಂದು ಹಿಡಿ ಒಳ್ಳೆಯವನೇ.

ಈ ಕಾಯಿಲೆಯ ಮೇಲೆ ದೊಡ್ಡ ಆಸ್ಪತ್ರೆಯಲ್ಲಿ ಸಂಶೋಧನೆ ನಡೆಯುತ್ತಿತ್ತು. ಮಗ ಒಪ್ಪಿ ಸೇರಿಕೊಂಡಿದ್ದ. ಕೈಗೆ ಕಟ್ಟುವ ಕಪ್ಪು ಪಟ್ಟಿ ಹಿಡಿದು ಮನೆಗೆ ಬಂದ ಸಂಶೋಧಕಿ ಇನ್ನೂ ಚಿಕ್ಕವಳು, ಮಾತು ಮೆತ್ತಗೆ, ಚಪ್ಪಲಿ ತೀರಾ ಸವೆದಿತ್ತು. ಹೆಸರು ಹೇಳಿದ್ದಳು, ಯಾರಿಗೂ ನೆನಪುಳಿಯಲಿಲ್ಲ. ಎಲ್ಲರೂ ‘ಪಟ್ಟಿ ಹುಡುಗಿ’ ಎಂದೇ ಕರೆದರು.

“ಇದು ಏನ್ ಮಾಡುತ್ತಮ್ಮ?” ಎಂದು ಮುದುಕಿ ಕೇಳಿದಳು.

“ಕೈ ಎಷ್ಟು ಅಲ್ಲಾಡುತ್ತೆ ಅಂತ ಬರ್ಕೊಳ್ಳುತ್ತೆ ಅಜ್ಜಿ. ಅದ್ರಿಂದ ಯಾವಾಗ ಮಲಗಿದ್ರು, ಯಾವಾಗ ಎದ್ರು ಗೊತ್ತಾಗುತ್ತೆ. ಮನಸ್ಸು ಏರೋಕೆ ಮುಂಚೆ ನಿದ್ದೆ ಕೆಡುತ್ತೆ. ಎಷ್ಟು ದಿನ ಮುಂಚೆ ಕೆಡುತ್ತೆ ಅನ್ನೋದೇ ನಮ್ಮ ಪ್ರಶ್ನೆ. ಅದು ಗೊತ್ತಾದ್ರೆ ಏರೋ ಮೊದಲೇ ತಡೀಬಹುದು.”

“ಕೆಟ್ಟಿದೆ ಅಂತ ಗೊತ್ತಾದ್ರೆ?”

“ಡಾಕ್ಟರಿಗೆ ತಿಳಿಸ್ತೀವಿ. ಅವರು ಮಾತ್ರೆ ನೋಡ್ತಾರೆ. ತೀರಾ ಬೇಕಾದ್ರೆ...” ಹುಡುಗಿ ಒಂದು ಕ್ಷಣ ತಡೆದಳು. “ಸ್ವಲ್ಪ ದಿನ ಆಸ್ಪತ್ರೇಲಿ ಇಟ್ಕೋಬಹುದು.”

“ಅಪ್ಪ ಸ್ನಾನ ಮಾಡೋವಾಗ್ಲೂ ಕಟ್ಕೋಬೇಕಾ? ನೀರು ಹೋದ್ರೆ ಶಾಕ್ ಹೊಡ್ಯಲ್ವಾ? ಬೇರೆಯವರು ಕಟ್ಕೊಂಡ್ರೆ ಅದಕ್ಕೆ ಗೊತ್ತಾಗುತ್ತಾ?” ಎಂದು ಮೊಮ್ಮಗಳು ಶುರುಮಾಡಿದಳು. ಸದಾ ಪ್ರಶ್ನೆ ಕುಯ್ಯುತ್ತಿದ್ದುದರಿಂದ ಮನೆಯಲ್ಲಿ ಅವಳ ಹೆಸರು ‘ಪಿಟೀಲು’.

“ಸ್ನಾನ ಮಾಡೋವಾಗ, ಹಿಟ್ಟು ಕಲೆಸೋವಾಗ ಬಿಚ್ಚಿಡಬಹುದು. ಶಾಕ್ ಹೊಡ್ಯಲ್ಲ. ಯಾರು ಕಟ್ಕೊಂಡಿದಾರೆ ಅಂತ ಪಾಪ ಅದಕ್ಕೇನು ಗೊತ್ತು,” ಎಂದು ಹುಡುಗಿ ನಕ್ಕಳು.

ಮುದುಕಿ ನಗಲಿಲ್ಲ. ‘ಆಸ್ಪತ್ರೆ’ ಎಂಬ ಮಾತು ಅವಳ ಕಿವಿಗೆ ಬಿದ್ದಾಗಿತ್ತು.

ಹಿಂದಿನ ಸಲ ಮಗ ಏರಿದಾಗ ಮನೆಗೆ ಒಂದು ಒಲೆ ತಂದಿದ್ದ. ಬೇಕರಿಯ ಒಲೆ, ಯಾರೋ ಮಾರಿದ್ದು, ಆನೆಯಂಥದ್ದು. ಸ್ವಂತ ಬೇಕರಿ ಇಡುತ್ತೇನೆಂದು ಹೊರಟು, ಒಲೆ ಒಳಕೋಣೆಗೆ ಹಿಡಿಸಲು ಬಾಗಿಲ ಚೌಕಟ್ಟನ್ನೇ ಒಡೆದಿದ್ದ. ಅದಕ್ಕೂ ಮುಂಚಿನ ವಾರಗಳಲ್ಲಿ ಅವನು ಮಲಗಿರಲಿಲ್ಲ. ಡಾಕ್ಟರು ಕೇಳಿದಾಗಲೆಲ್ಲ ಮುದುಕಿ, “ನನ್ನ ಮಗ ತಾನೇ, ಕಲ್ಲಿನ ಹಾಗೆ ಮಲಗ್ತಾನೆ,” ಎಂದೇ ಹೇಳಿದ್ದಳು. ಕೊನೆಗೆ ಆಸ್ಪತ್ರೆಯ ಗಾಡಿ ಬಂದು, ಬೀದಿಯ ಜನರೆಲ್ಲ ನಿಂತು ನೋಡುತ್ತಿದ್ದಾಗ ನಾಲ್ಕು ಜನ ಅವನನ್ನು ಹಿಡಿದು ಎತ್ತಿ ಹಾಕಿದರು. “ಅಮ್ಮಾ, ಇವರಿಗೆ ಹೇಳಮ್ಮಾ” ಎಂದು ಅವನು ಕೂಗಿದ. ಗಾಡಿಯ ಬಾಗಿಲು ಮುಚ್ಚಿತು. ಒಲೆಯನ್ನು ಗುಜರಿಯವನು ಹೊತ್ತುಕೊಂಡು ಹೋದ. ಚೌಕಟ್ಟಿನ ಗಾಯ ಮಾತ್ರ ಉಳಿಯಿತು. ಅದರ ಮುಂದೆ ಹಾದುಹೋಗುವಾಗಲೆಲ್ಲ ಮುದುಕಿ ಮುಖ ತಿರುಗಿಸುತ್ತಿದ್ದಳು.

ಈಗ ಎಲ್ಲ ಒಂದು ಹದಕ್ಕೆ ಬಂದಿತ್ತು. ಡಾಕ್ಟರು ಹೇಳಿದರೆಂದು ಬೇಕರಿಯ ಯಜಮಾನ ಅವನನ್ನು ನಸುಕಿನ ಪಾಳಿಯಿಂದ ಹಗಲು ಪಾಳಿಗೆ ಹಾಕಿದ್ದ. ಒಲೆಗೆ ಹೋಗುವ ಮುನ್ನ ಹಿಟ್ಟಿನ ಮೇಲೆ ಬ್ಲೇಡಿನಿಂದ ಗೀರು ಎಳೆಯುವುದು ಅವನ ಕೆಲಸ. ಗೀರು ನೇರವಾಗಿದ್ದರೆ ಬ್ರೆಡ್ಡು ನಗುತ್ತ ಬಿರಿಯುತ್ತದೆ. ವಾರೆಯಾದರೆ ಒಂದು ಪಕ್ಕಕ್ಕೆ ಹರಿದು ಬಾಯಿ ಸೊಟ್ಟ ಮಾಡಿಕೊಂಡು ಕೂರುತ್ತದೆ. ಸೊಟ್ಟದ್ದನ್ನು ಯಾರೂ ಕೊಳ್ಳುವುದಿಲ್ಲ, ಕೆಲಸಗಾರರು ಮನೆಗೆ ಒಯ್ಯುತ್ತಾರೆ. ಇವನ ಕೈಯಲ್ಲಿ ಸೊಟ್ಟದ್ದು ಬರುತ್ತಿದ್ದುದೇ ಅಪರೂಪ. “ನಿನ್ನ ನಂಬ್ಕೊಂಡ್ರೆ ನಿನ್ನ ಮನೆಯವರು ಉಪವಾಸ ಬೀಳ್ತಾರೆ ಕಣೋ,” ಎಂದು ಯಜಮಾನ ತಮಾಷೆ ಮಾಡುತ್ತಿದ್ದ. ತಮಾಷೆಯ ನಡುವೆಯೇ ಇನ್ನೊಂದು ಮಾತನ್ನೂ ಹೇಳಿದ್ದ: ಇನ್ನೊಂದು ಸಲ ಹಾಗಾದರೆ ನಾನು ಇಟ್ಟುಕೊಳ್ಳಲಾರೆ.

ಸೊಸೆಗೆ ಲಾಂಡ್ರಿಯಲ್ಲಿ ಸಂಜೆ ಪಾಳಿ. ಬರುವಾಗ ತಡವಾಗುತ್ತಿತ್ತು. ಗಂಡನ ನಿದ್ದೆಗೆ ಭಂಗ ಬರಬಾರದೆಂದು ಒಳಕೋಣೆಯಲ್ಲಿ ಮಗಳ ಜೊತೆ ಮಲಗುತ್ತಿದ್ದಳು. ಮಗನ ಕೋಣೆಯ ಬಾಗಿಲು ತೆರೆದೇ ಇರುತ್ತಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಅದಕ್ಕೆ ಚಿಲಕ ಹಾಕುವುದನ್ನೇ ಬಿಟ್ಟಿದ್ದರು. ಆ ಬಾಗಿಲಿಗೆ ಒತ್ತಿಕೊಂಡಂತೆ ಹೊರಗೆ ಮುದುಕಿಯ ಮಂಚ. ಮಗನಿಗೆ ರಾತ್ರಿ ಹಾಲು, ಮಾತ್ರೆ ಕೊಡುವುದು ಅವಳ ಕೆಲಸ. ಅವನು ಹಾಲು ಕುಡಿಯುವಷ್ಟು ಹೊತ್ತು ಪಟ್ಟಿ ಅಡುಗೆಮನೆಯಲ್ಲಿ ಚಾರ್ಜಿಗೆ ಬೀಳುತ್ತಿತ್ತು. ಆಮೇಲೆ ಅವಳೇ ತಂದು ಕಟ್ಟುತ್ತಿದ್ದಳು. ಅಷ್ಟು ಹೊತ್ತಿಗೆ ಅವನು ಮಲಗಿಬಿಟ್ಟಿರುತ್ತಿದ್ದ.

ಪಟ್ಟಿ ಬಂದು ವಾರವೂ ಆಗಿರಲಿಲ್ಲ. ಒಂದು ರಾತ್ರಿ ಅಡುಗೆಮನೆಯಲ್ಲಿ ಸದ್ದಾಯಿತು. ಮುದುಕಿ ಹೋಗಿ ನೋಡಿದರೆ ಮಗ ನೀರು ಕುಡಿಯುತ್ತ ನಿಂತಿದ್ದ. ಕುಡಿದು, ಲೋಟ ತೊಳೆದಿಟ್ಟು, ಸಣ್ಣಗೆ ಗುನುಗಿದ.

“ಯಾಕೋ ಎದ್ದೆ?”

“ಬಾಯಾರಿಕೆ ಅಮ್ಮ. ನೀನ್ಯಾಕೆ ಎದ್ದೆ?”

“ನಾನೆಲ್ಲಿ ಎದ್ದೆ, ಹೀಗೇ ಬಂದೆ. ಹೋಗಿ ಮಲಕ್ಕೊ.”

ಅವನು ಹೋಗಿ ಮಲಗಿದ. ಮುದುಕಿಗೆ ಮಾತ್ರ ಆ ಗುನುಗು ಕಿವಿಯಲ್ಲೇ ಕೂತಿತು. ಒಲೆ ಬರುವ ಮುಂಚೆಯೂ ಅವನು ಹೀಗೆಯೇ ಗುನುಗುತ್ತಿದ್ದ. ಈ ಪಟ್ಟಿ ಇದನ್ನು ಬರೆದುಕೊಳ್ಳುತ್ತದೆ, ಹುಡುಗಿ ಡಾಕ್ಟರಿಗೆ ಹೇಳುತ್ತಾಳೆ, ಡಾಕ್ಟರು ಗಾಡಿ ಕಳಿಸುತ್ತಾರೆ. ಬೇಕರಿ ಹೋಯಿತು, ಸೊಸೆ ಈ ಸಲ ಮಗಳನ್ನು ಕರೆದುಕೊಂಡು ತವರಿಗೆ ಹೋದರೂ ಹೋದಾಳು. ಎಲ್ಲ ಒಂದು ಲೋಟ ನೀರಿನಿಂದ!

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮರುದಿನ ರಾತ್ರಿ ಪಟ್ಟಿಯನ್ನು ಚಾರ್ಜಿನಿಂದ ತೆಗೆದ ಮುದುಕಿ ಅದನ್ನು ತನ್ನ ಕೈಗೇ ಕಟ್ಟಿಕೊಂಡು ಮಲಗಿದಳು. ಈ ಮನೆಯಲ್ಲಿ ಒಳ್ಳೆಯ ನಿದ್ದೆ ಅಂತ ಇದ್ದರೆ ಅದು ತನ್ನದು, ಅದನ್ನೇ ಕೊಟ್ಟರಾಯಿತು. ತಾಯಿ ಮಗನಿಗೆ ಹಾಲು ಕೊಡಬಹುದಾದರೆ ನಿದ್ದೆ ಕೊಡಬಾರದೇ? ಬೆಳಗ್ಗೆ ಅವನು ಏಳುವ ಮುಂಚೆ ಹೋಗಿ ಅವನ ಕೈಗೆ ಕಟ್ಟಿದಳು. ಅಂದಿನಿಂದ ಇದೇ ಅವಳ ರಾತ್ರಿಪಾಳಿಯಾಯಿತು.

ತಿಂಗಳು ತುಂಬಿದ ಮೇಲೆ ಮಗ ಡಾಕ್ಟರನ್ನು ನೋಡಲು ಹೋದ. ಸೊಸೆ ರಜೆ ಹಾಕಿ ಜೊತೆಗೆ ಹೋಗಿದ್ದಳು. ಮನೆಗೆ ಬಂದವರೇ ಕೂತರು. ಮುದುಕಿ ಆಲೂಗಡ್ಡೆ ಬೇಯಿಸಿ ಇಟ್ಟಿದ್ದಳು. ತಟ್ಟೆಗೆ ಕೈ ಹಾಕಿದವರಿಲ್ಲ.

“ಏನಂದ್ರು?” ಎಂದಳು.

“ಮಾತ್ರೆ ಜಾಸ್ತಿ ಮಾಡಿದ್ರು,” ಎಂದ ಮಗ.

“ಯಾಕೆ? ಚೆನ್ನಾಗೇ ಇದೀಯಲ್ಲೋ!”

“ನಾನೂ ಅದೇ ಹೇಳ್ದೆ. ಚೆನ್ನಾಗಿ ಮಲಗ್ತೀನಿ ಅಂದೆ. ಪಟ್ಟಿ ಬೇರೆ ಹೇಳ್ತಿದೆ ಅಂದ್ರು. ಏರೋಕೆ ಹೊರಟವರೆಲ್ಲ ನಿಮ್ಮ ಹಾಗೇ ಹೇಳ್ತಾರೆ ಅಂದ್ರು.”

ಮುದುಕಿ ಸೊಸೆಯ ಕಡೆ ತಿರುಗಿದಳು. “ನೀನು ಹೇಳೋದಲ್ವೇನೇ?”

“ಏನಂತ ಹೇಳ್ಲಿ ಅತ್ತೆ? ನಾನು ಅವರ ಜೊತೆ ಮಲಗ್ತೀನಾ? ಗೊತ್ತಿಲ್ಲ ಅಂದೆ. ಮನೇಲಿ ಇನ್ಯಾರಿಗೆ ಗೊತ್ತು ಅಂದ್ರು. ಇವರು ಕಲ್ಲಿನ ಹಾಗೆ ಮಲಗ್ತಾರೆ ಅಂತ ಅತ್ತೆ ಅಂತಾರೆ ಅಂದೆ. ಹೋದ ಸಲಾನೂ ಹಾಗೇ ಅಂದಿದ್ರಲ್ಲ ಅಂದ್ರು.” ಸೊಸೆ ತಟ್ಟೆ ಸರಿಸಿದಳು. “ನಿಮ್ಮ ಕಲ್ಲು ಆ ಆಸ್ಪತ್ರೇಲಿ ಎಲ್ಲರಿಗೂ ಗೊತ್ತು.”

ಮುದುಕಿಗೆ ಮುಖಕ್ಕೆ ಹೊಡೆದಂತಾಯಿತು. ಆದರೂ ಒಳಗೊಳಗೇ ಲೆಕ್ಕ ಹಾಕಿದಳು. ರಾತ್ರಿ ಕೊಟ್ಟಿದ್ದು ತನ್ನ ನಿದ್ದೆ, ಅದರಲ್ಲಿ ಹುಳುಕು ಇರಲು ಸಾಧ್ಯವಿಲ್ಲ. ಹಾಗಾದರೆ ಯಂತ್ರ ಕಾಯಿಲೆಯನ್ನು ಹಗಲಿನಲ್ಲೇ ಕಂಡುಹಿಡಿದಿರಬೇಕು. ರಾತ್ರಿಯೂ ಅವನ ಕೈಯಲ್ಲೇ ಇದ್ದಿದ್ದರೆ ಇಷ್ಟರಲ್ಲಿ ಗಾಡಿಯೇ ಬಂದಿರುತ್ತಿತ್ತು. ಸದ್ಯ ತಲೆಗೆ ಬಂದದ್ದು ತಲೆಪಾಗೆಗೆ ಹೋಯಿತು. ಹೀಗೆಂದುಕೊಂಡು ಆಲೂಗಡ್ಡೆಯನ್ನು ಮತ್ತೆ ಬಿಸಿ ಮಾಡಿದಳು.

ಹೊಸ ಮಾತ್ರೆಗಳು ಮಗನನ್ನು ಒದ್ದೆ ಗೋಣಿಯಂತೆ ಮಾಡಿದವು. ಸಂಜೆ ಬಂದವನು ಬೂಟು ಬಿಚ್ಚುವ ಮುಂಚೆ ಕೂತಲ್ಲೇ ತೂಕಡಿಸುತ್ತಿದ್ದ. ಬಾಯಿ ಸದಾ ಒಣಗುತ್ತಿತ್ತು. ಕೈ ಸಣ್ಣಗೆ ನಡುಗತೊಡಗಿತು. ಮೊದಲು ಅದನ್ನು ಕಂಡವಳು ಪಿಟೀಲು.

“ಅಪ್ಪ, ನಿನ್ನ ಕೈ ಯಾಕೆ ಹಾಗೆ ಕುಣಿಯುತ್ತೆ?”

“ಚಳಿ ಕಣೇ.”

“ಚಳಿ ಎಲ್ಲಿದೆ?”

“ನಂಗಿದೆ. ಸುಮ್ನೆ ಓದ್ಕೊ.”

ಮನೆಗೆ ಸೊಟ್ಟ ಬ್ರೆಡ್ಡು ಬರಲು ಶುರುವಾಯಿತು. ಮೊದಲು ಒಂದೆರಡು. ಆಮೇಲೆ ಚೀಲ ತುಂಬ. ಬೆಳಗ್ಗೆ ಬ್ರೆಡ್ಡು ಹಾಲು, ಮಧ್ಯಾಹ್ನ ಬ್ರೆಡ್ಡು ಮೊಟ್ಟೆ, ರಾತ್ರಿ ಬೇಳೆಯ ಜೊತೆ ಬ್ರೆಡ್ಡು. ಪಕ್ಕದ ಮನೆಯವರಿಗೆ ಕೊಟ್ಟಿದ್ದಾಯಿತು, ಬೀದಿ ನಾಯಿಗೆ ಹಾಕಿದ್ದಾಯಿತು. ಪ್ರತಿಯೊಂದು ಬ್ರೆಡ್ಡೂ ಮೇಜಿನ ಮೇಲೆ ಬಾಯಿ ವಾರೆ ಮಾಡಿಕೊಂಡು ಮುದುಕಿಯನ್ನೇ ಅಣಕಿಸುವಂತೆ ಕೂತಿರುತ್ತಿತ್ತು. ಒಂದು ಸಂಜೆ ಮಗ ಬರಿಗೈಯಲ್ಲಿ ಬಂದ. ಮುದುಕಿಗೆ ಹೋದ ಜೀವ ಬಂದಂತಾಯಿತು.

“ಇವತ್ತು ಒಂದೂ ಸೊಟ್ಟ ಆಗ್ಲಿಲ್ವೇನೋ?”

“ಬ್ಲೇಡೇ ಕೊಡ್ಲಿಲ್ಲ ಅಮ್ಮ. ಪ್ಯಾಕಿಂಗಿಗೆ ಹಾಕಿದಾರೆ.” ಅವನು ನೆಲ ನೋಡುತ್ತ ಹೇಳಿದ. “ತಿಂಗಳ ಕೊನೇವರೆಗೆ ನೋಡ್ತೀನಿ ಅಂದ್ರು. ಆಮೇಲೆ ಬೇರೆಯವರನ್ನ ನೋಡ್ಕೋತಾರಂತೆ. ಬಯ್ದಿದ್ರೆ ಚೆನ್ನಾಗಿತ್ತು. ಬಯ್ಲಿಲ್ಲ.”

ಅಷ್ಟರಲ್ಲಿ ಡಾಕ್ಟರು ಇನ್ನೊಂದು ಸಲ ಮಾತ್ರೆ ಏರಿಸಿದ್ದರು. ಇಷ್ಟು ಕೊಟ್ಟರೂ ಪಟ್ಟಿಯಲ್ಲಿ ನಿದ್ದೆಯೇ ಕಾಣುತ್ತಿಲ್ಲ ಎಂದಿದ್ದರು.

ಮರುದಿನ ಬೆಳಗ್ಗೆ ಅಡುಗೆಮನೆಯಲ್ಲಿ ಸೊಸೆಯ ಕಟ್ಟೆ ಒಡೆಯಿತು. ಲಾಂಡ್ರಿಯ ಬಿಸಿನೀರಿನಿಂದ ಅವಳ ಬೆರಳುಗಳು ಸುಲಿದಿದ್ದವು. ಈರುಳ್ಳಿ ಹೆಚ್ಚುವುದೂ ಉರಿ.

“ಅತ್ತೆ, ನಿಜ ಹೇಳಿ. ಅವರು ರಾತ್ರಿ ಎದ್ದು ಓಡಾಡ್ತಾರಾ?”

“ಇಲ್ಲ ಕಣೇ. ನನ್ನಾಣೆ.”

“ಹೋದ ಸಲಾನೂ ನಿಮ್ಮಾಣೆ ಅಂದಿದ್ರಿ. ಆಣೆ ಹಾಕಿ ಹಾಕಿ ನೀವಿನ್ನೂ ಗಟ್ಟಿಯಾಗಿದೀರಿ, ಮನೆ ಮುರೀತು.”

“ಏನೇ ಹಾಗಂದ್ರೆ? ಹೆತ್ತವಳಿಗೆ ಗೊತ್ತಿರಲ್ವಾ?”

“ಹೆತ್ತವರಿಗೆ ಹೆಗ್ಗಣ ಮುದ್ದು. ಕಟ್ಕೊಂಡವಳು ನಾನು. ಕೆಲಸ ಹೋದ್ರೆ ಬಾಡಿಗೆ ನಿಮ್ಮ ಪೆನ್ಷನ್ನಲ್ಲಿ ಕಟ್ತೀರಾ? ನಂಗೂ ಸಾಕಾಗಿದೆ ಅತ್ತೆ. ಮೈಯೆಲ್ಲ ನೋವು. ಕೂತು ಅಳೋಕೂ ಪುರುಸೊತ್ತಿಲ್ಲ.” ಅವಳು ಈರುಳ್ಳಿ ಬಿಟ್ಟು ಫೋನು ತೆಗೆದುಕೊಂಡಳು. “ಆ ಹುಡುಗಿಗೇ ಫೋನ್ ಮಾಡ್ತೀನಿ. ಬಂದು ಆ ಯಂತ್ರದೊಳಗೆ ಏನಿದೆ ಅಂತ ನಮ್ಮ ಕಣ್ಣಿಗೆ ತೋರಿಸ್ಲಿ.”

ಪಟ್ಟಿ ಹುಡುಗಿ ಭಾನುವಾರ ಬಂದಳು. ಅವಳಿಗೂ ತಲೆಕೆಟ್ಟಿತ್ತಂತೆ. “ಇಷ್ಟು ಮಾತ್ರೆಗೆ ಕುದುರೆಯೂ ಮಲಗ್ಬೇಕು. ಪಟ್ಟಿಯೇ ಕೆಟ್ಟಿದೆಯಾ ಅಂತ ನೋಡೋಣ ಅಂತ ನಾನೇ ಬರೋಳಿದ್ದೆ,” ಎಂದಳು. ಎಲ್ಲರೂ ಅಡುಗೆಮನೆಯ ಮೇಜಿನ ಸುತ್ತ ಕೂತರು. ಮುದುಕಿ ಚಹಾ ಸುರಿದು ಕೊಟ್ಟಳು. ಹುಡುಗಿ ಟ್ಯಾಬ್ಲೆಟ್ಟನ್ನು ಗೋಡೆಗೆ ಒರಗಿಸಿ ಬೆರಳಾಡಿಸಿದಳು. ಪರದೆಯ ತುಂಬ ಗೆರೆಗಳು.

“ಇದು ಹಗಲು. ನಡೆದಾಡೋದು, ಕೆಲಸ, ಎಲ್ಲ ಸರಿಯಾಗಿದೆ. ಇದು ರಾತ್ರಿ. ಗೆರೆ ಚಪ್ಪಟೆ ಇದ್ರೆ ನಿದ್ದೆ. ಇಲ್ಲಿ ನೋಡಿ, ಮಲಗಿದ ಸ್ವಲ್ಪ ಹೊತ್ತಿಗೇ ಎದ್ದಿದ್ದಾರೆ. ಮತ್ತೆ ಇಲ್ಲಿ. ಮತ್ತೆ ಇಲ್ಲಿ. ಬೆಳಗಾಗೋವರೆಗೂ ಹೀಗೇ. ಪ್ರತಿ ರಾತ್ರೀನೂ ಹೀಗೇ.”

“ಹಗಲು ಸರಿಯಾಗಿದ್ಯಾ?” ಎಂದಳು ಮುದುಕಿ. ಅವಳ ಕೈಯಲ್ಲಿದ್ದ ಚಹಾ ಪಾತ್ರೆ ಅಲ್ಲೇ ನಿಂತಿತು.

“ಹಗಲಲ್ಲಿ ಏನೂ ತೊಂದ್ರೆ ಇಲ್ಲ ಅಜ್ಜಿ. ತೊಂದ್ರೆಯೆಲ್ಲ ರಾತ್ರೀದೇ. ಈ ಮಂಗಳವಾರ ನೋಡಿ, ಇಡೀ ರಾತ್ರಿ ಒಂದು ಚೂರೂ ನಿದ್ದೆ ಇಲ್ಲ. ಓಡಾಟವೇ ಓಡಾಟ.”

ಪಿಟೀಲು ಮೇಜಿನ ಮೇಲೆ ಬಗ್ಗಿ ತಾರೀಖು ನೋಡಿದಳು. “ಅವತ್ತು ನಂಗೆ ವಾಂತಿ. ಮಾರನೇ ದಿನ ನಂಗೆ ಪರೀಕ್ಷೆ ತಪ್ಪೋಯ್ತಲ್ಲ. ಅಪ್ಪ ಏಳಲೇ ಇಲ್ಲ, ಗೊರಕೆ ಹೊಡೀತಿದ್ದ. ಅಮ್ಮ ಅವತ್ತು ರಾತ್ರಿಪಾಳಿಗೂ ಲಾಂಡ್ರೀಲೇ ನಿಂತಿದ್ಲು. ರಾತ್ರಿಯೆಲ್ಲ ಬಕೆಟ್ ಹಿಡ್ಕೊಂಡು ಓಡಾಡಿದ್ದು ಅಜ್ಜಿ.”

“ಏಳದೇ ಇದ್ದವರ ಕೈ ಹೇಗೆ ಓಡಾಡುತ್ತೆ?” ಎಂದಳು ಹುಡುಗಿ. ಮಗನ ಕಡೆ ತಿರುಗಿದಳು. “ಪಟ್ಟಿ ರಾತ್ರಿ ಕೈಯಲ್ಲೇ ಇರುತ್ತಲ್ವಾ?”

“ಇರುತ್ತೆ ಮೇಡಂ. ಬೆಳಗ್ಗೆ ಏಳುವಾಗ ಕೈಯಲ್ಲೇ ಇರುತ್ತೆ.”

“ಹಾಗಾದ್ರೆ ಯಂತ್ರ ಕೆಟ್ಟಿರ್ಬೇಕು.”

ಮುದುಕಿಗೆ ಬಾಗಿಲು ತೆರೆದು ಕೊಟ್ಟಂತಾಯಿತು. ಹೌದಮ್ಮ, ಕೆಟ್ಟಿದೆ, ಬೇರೆ ತಂದು ಕೊಡು ಎಂದುಬಿಟ್ಟರೆ ಮುಗಿಯಿತು. ನಾಳೆಯಿಂದ ಅವನ ಕೈಗೇ ಕಟ್ಟಿದರಾಯಿತು. ಸೊಸೆಗೆ ತಿಳಿಯುವುದು ಬೇಡ. ಅವಳು ಬಾಯಿ ತೆರೆಯುವಷ್ಟರಲ್ಲಿ ಮಗ ಚಹಾ ಲೋಟಕ್ಕೆ ಕೈಚಾಚಿದ. ಲೋಟ ತುಟಿಗೆ ಹೋಗುವ ಮುಂಚೆ ಅರ್ಧ ಚಹಾ ಅಂಗಿಯ ಮೇಲಿತ್ತು. ಅವನು ಯಾರ ಮುಖವನ್ನೂ ನೋಡದೆ ಇನ್ನೊಂದು ಕೈಯಿಂದ ಆ ಕೈಯನ್ನು ಹಿಡಿದುಕೊಂಡ, ಕದ್ದವನನ್ನು ಹಿಡಿದಂತೆ.

“ಯಂತ್ರ ಕೆಟ್ಟಿಲ್ಲ,” ಎಂದಳು ಮುದುಕಿ. “ಅದು ನನ್ನ ಕೈ.”

ಯಾರಿಗೂ ಅರ್ಥವಾಗಲಿಲ್ಲ. ಅವಳು ಪಾತ್ರೆ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿ, ಮೊದಲಿನಿಂದ ಹೇಳಿದಳು: ನೀರಿನ ಲೋಟ, ಗುನುಗು, ಗಾಡಿ, ಹಾಲು, ಪಟ್ಟಿ. ಹೇಳುತ್ತ ಹೇಳುತ್ತ ಧ್ವನಿ ಸಣ್ಣದಾಯಿತು.

ಸೊಸೆ ಎದ್ದು ನಿಂತಳು. “ಅತ್ತೆ! ಅಂದ್ರೆ ಅವರು ಚೆನ್ನಾಗೇ ಇದ್ರು. ನಿಮ್ಮ ಕೈ ನೋಡಿ ಅವರಿಗೆ ಮಾತ್ರೆ ಕೊಟ್ರಾ? ಎರಡೆರಡು ಸಲ? ಆ ಮನುಷ್ಯ ಎದುರಿಗೆ ನಡುಗ್ತಾ ಕೂತಿದ್ರೆ ನೋಡ್ತಾ ಇದ್ರಾ ನೀವು?”

“ನಂಗೇನ್ ಗೊತ್ತಿತ್ತೇ! ನಾನು ಒಳ್ಳೇದೇ ಕೊಟ್ಟೆ ಅನ್ಕೊಂಡೆ. ನನ್ನ ನಿದ್ದೆ ಕಲ್ಲಿನಂಥದ್ದು ಅಂತ ಊರಿಗೇ ಗೊತ್ತು!”

“ಅಜ್ಜಿ,” ಎಂದಳು ಪಟ್ಟಿ ಹುಡುಗಿ. ಬಯ್ಯಲಿಲ್ಲ. ಅವಳ ವಾರಗಟ್ಟಲೆಯ ಕೆಲಸ ನೀರು ಪಾಲಾಗಿತ್ತು. ಮುಖ ಬಾಡಿದ್ದು ಎಲ್ಲರಿಗೂ ಕಂಡಿತು. ಟ್ಯಾಬ್ಲೆಟ್ಟನ್ನು ಮುದುಕಿಯ ಹತ್ತಿರ ಸರಿಸಿದಳು. “ಇದು ಕಲ್ಲಿನ ನಿದ್ದೆ ಅಲ್ಲ. ಇಲ್ಲಿ ಯಾಕೆ ಎದ್ರಿ?”

ಮುದುಕಿ ಕನ್ನಡಕ ಏರಿಸಿ ನೋಡಿದಳು. “ಅವನು ಮಗ್ಗುಲು ಬದಲಾಯಿಸಿದ. ಎದ್ನಾ ಅಂತ ನೋಡಿದೆ.”

“ಇಲ್ಲಿ?”

“ಗೊರಕೆ ನಿಂತುಹೋಯ್ತು. ಯಾಕೆ ನಿಂತಿತು ಅಂತ ಹೋಗಿ ನೋಡಿದೆ. ಅದೆಲ್ಲ ಏಳೋದು ಅಂತಾರೇನಮ್ಮ? ಒಂದು ಗಳಿಗೆ ಅಷ್ಟೆ.”

“ಇಲ್ಲಿ?”

“ಗೊರಕೆ ಮತ್ತೆ ಶುರುವಾಯ್ತು.”

“ದಿನಾ ಹೀಗೇನಾ?”

“ದಿನಾ ಅಂದ್ರೆ... ಒಲೆ ಹೋದ ಮೇಲಿಂದ. ಅಲ್ಲ, ಅದಕ್ಕೂ ಮುಂಚೆ. ಅವನಿಗೆ ಮೊದಲ ಸಲ ಬಂದಾಗಿನಿಂದ. ಅವನಿಗೆ ಆಗ ಮೀಸೆ ಬಂದಿರ್ಲಿಲ್ಲ.” ಅವಳು ಗೆರೆಗಳ ಮೇಲೆ ಬೆರಳಾಡಿಸಿದಳು. ಗೆರೆಗಳು ಸರಿದು ಸರಿದು ಇನ್ನೊಂದು ರಾತ್ರಿ, ಮತ್ತೊಂದು ರಾತ್ರಿ ಬಂದವು. ಎಲ್ಲವೂ ಒಂದೇ ಥರ, ಮುರಿದ ಬಾಚಣಿಗೆಯ ಹಲ್ಲುಗಳು. “ಇದು ನನ್ನದಾ? ಇಷ್ಟೊಂದಾ? ನಾನು ಮಲಗ್ತೀನಿ ಅನ್ಕೊಂಡಿದ್ನಲ್ಲ.”

ಅವಳಿಗೆ ಆಗ ಬಹಳ ಸುಸ್ತೆನಿಸಿತು. ಇಷ್ಟು ವರ್ಷದ ಸುಸ್ತು ಬಾಗಿಲ ಹೊರಗೆ ಕಾದು ಕೂತಿದ್ದು, ಈಗ ಒಳಗೆ ಬಂದಂತೆ. ಅಲ್ಲೇ ಕುರ್ಚಿ ಎಳೆದು ಕೂತಳು.

ಸೊಸೆ ಇನ್ನೂ ನಿಂತೇ ಇದ್ದಳು. ಸಿಟ್ಟು ಇಳಿದಿರಲಿಲ್ಲ, ಆದರೆ ಅದನ್ನು ಎಲ್ಲಿ ಇಡಬೇಕೆಂದು ತಿಳಿಯದವಳಂತೆ ಅತ್ತೆಯ ಮುಂದಿನ ಲೋಟಕ್ಕೆ ಚಹಾ ಸುರಿದಳು. “ನಂಗೆ ಒಂದು ಮಾತು ಹೇಳಿದ್ರೆ ಪಾಳಿ ಹಾಕ್ಕೋತಿದ್ವಲ್ಲ,” ಎಂದಳು. “ನಾನು ಬಂದು ಮಲಗಿದ್ರೂ ಕಣ್ಣು ಮುಚ್ತೀನಾ? ಏನೂ ಕೇಳಿಸದಿದ್ರೂ ಅಲ್ಲಿಂದ ಇಲ್ಲಿಗೆ ಕಿವಿ ಇಟ್ಕೊಂಡೇ ಇರ್ತೀನಿ.”

“ನಾನೂ,” ಎಂದಳು ಪಿಟೀಲು. ಇದು ಪ್ರಶ್ನೆಯಾಗಿರಲಿಲ್ಲ.

ಮಗ ಒದ್ದೆ ಅಂಗಿಯಲ್ಲೇ ಕೂತು ಒಬ್ಬೊಬ್ಬರ ಮುಖವನ್ನೂ ನೋಡಿದ. ತಾಯಿ, ಹೆಂಡತಿ, ಮಗಳು.

“ಹಾಗಾದ್ರೆ,” ಎಂದ, “ಇಷ್ಟು ವರ್ಷ ಈ ಮನೇಲಿ ನಿದ್ದೆ ಮಾಡಿದ್ದು ನಾನೊಬ್ಬನೇನಾ?”

ಪಟ್ಟಿ ಹುಡುಗಿ ಪರದೆ ಆರಿಸಿದಳು. ಫೋನು ಹಿಡಿದು ಡಾಕ್ಟರಿಗೆ ಹೇಳಲು ಹೊರಗೆ ಹೋದಳು.

ಡಾಕ್ಟರು ಅವನನ್ನು ಮರುದಿನವೇ ಕರೆಸಿ, ಮಾತ್ರೆಯನ್ನು ಮೆಲ್ಲಮೆಲ್ಲಗೆ ಇಳಿಸಿದರು. ಮುದುಕಿಯನ್ನೂ ಕರೆಸಿ ಬಯ್ದರು. ಆಮೇಲೆ ತಮ್ಮನ್ನೂ ಬಯ್ದುಕೊಂಡರು, ಎದುರಿಗೆ ಕೂತವನ ಮಾತಿಗಿಂತ ಗೆರೆಯನ್ನೇ ನಂಬಿದೆ ಎಂದು. ಆ ವಾರಗಳ ಗೆರೆಗಳನ್ನೆಲ್ಲ ಅಧ್ಯಯನದಿಂದ ತೆಗೆದುಹಾಕಿದರು. “ಇವನ್ನ ಬಿಸಾಕೋಕೆ ಮನಸ್ಸಿಲ್ಲ ಅಜ್ಜಿ. ಈ ಕಾಯಿಲೆ ಪಕ್ಕದಲ್ಲಿ ಮಲಗೋರ ನಿದ್ದೇನೂ ಅಳೀಬೇಕು ಅಂತ ನಾನು ಕೇಳ್ತೀನಿ. ಒಪ್ತಾರೋ ಇಲ್ವೋ,” ಎಂದಳು ಪಟ್ಟಿ ಹುಡುಗಿ. ಒಪ್ಪಿದರೋ ಇಲ್ಲವೋ, ಅವಳು ಮತ್ತೆ ಅದನ್ನು ಎತ್ತಲಿಲ್ಲ.

ಕೈ ನಡುಕ ಒಂದೇ ಸಲಕ್ಕೆ ಬಿಡಲಿಲ್ಲ. ತಿಂಗಳ ಕೊನೆ ಬಂತು. ಯಜಮಾನನ ಹತ್ತಿರ ಸೊಸೆಯೇ ಹೋಗಿ ಮಾತಾಡಿ ಬಂದಳು. ಏನು ಮಾತಾಡಿದಳೆಂದು ಹೇಳಲಿಲ್ಲ. ಆ ಶನಿವಾರ ಸಂಜೆ ಮಗ ಒಂದು ಸಣ್ಣ ಪೊಟ್ಟಣ ಹಿಡಿದು ಬಂದ.

“ಒಂದು ಟ್ರೇ ಕೊಟ್ಟು ನೋಡಿದ್ರು,” ಎಂದ.

“ಎಷ್ಟು ಸೊಟ್ಟ ಆಯ್ತು?” ಎಂದಳು ಸೊಸೆ.

“ಎರಡು. ಒಂದನ್ನ ಯಜಮಾನ್ರೇ ತಿಂದ್ರು. ಸೋಮವಾರ ಎರಡು ಟ್ರೇ ಕೊಡ್ತಾರಂತೆ.”

ಉಳಿದ ಒಂದನ್ನು ನಾಲ್ಕು ಮಂದಿ ಹಂಚಿಕೊಂಡು ತಿಂದರು. ಸಾಲಲಿಲ್ಲ, ಗಂಜಿ ಕಾಯಿಸಬೇಕಾಯಿತು.

ಊಟವಾದ ಮೇಲೆ ಮಗ ಮುದುಕಿಯ ಮಂಚದ ಒಂದು ಕಾಲು ಹಿಡಿದು ಎಳೆಯತೊಡಗಿದ.

“ಏಯ್, ಏನೋ ಮಾಡ್ತಿದೀಯಾ?”

“ಒಳಕೋಣೆಗೆ ಹಾಕ್ತೀನಿ. ಇವಳು ನನ್ನ ಕೋಣೆಗೆ ಬರ್ತಾಳೆ. ನೀನು ಪಿಟೀಲು ಜೊತೆ ಮಲಕ್ಕೊ.”

“ಹಾಲು, ಮಾತ್ರೆ?”

“ನನ್ನ ಕೈಗಳೇ ಇವೆಯಲ್ಲ ಅಮ್ಮ.” ಅವನು ಮಣಿಕಟ್ಟು ಎತ್ತಿ ತೋರಿಸಿದ. ಪಟ್ಟಿ ಆಗಲೇ ಅಲ್ಲಿತ್ತು. “ಇನ್ನು ಇದು ಕಾಯಲಿ. ಅದಕ್ಕೆ ಸಂಬಳ ಇಲ್ಲ, ಸುಸ್ತೂ ಇಲ್ಲ. ಕೆಟ್ರೆ ನಾನೇ ಆಸ್ಪತ್ರೆಗೆ ನಡ್ಕೊಂಡು ಹೋಗ್ತೀನಿ. ಗಾಡಿ ಬರೋದು ಬೇಡ.”

ಮುದುಕಿ ಮಂಚದ ಇನ್ನೊಂದು ತುದಿಯನ್ನು ತಾನೇ ಎತ್ತಿದಳು. ಒಡೆದ ಚೌಕಟ್ಟಿನಲ್ಲಿ ಮಂಚ ಸಲೀಸಾಗಿ ಹಿಡಿಸಿತು.

ದೀಪ ಆರಿತು. ಒಳಕೋಣೆಗೆ ಏನೂ ಕೇಳಿಸುತ್ತಿರಲಿಲ್ಲ. ಗೊರಕೆಯಿಲ್ಲ, ಮಗ್ಗುಲು ಹೊರಳುವ ಸದ್ದಿಲ್ಲ, ಲೋಟದ್ದೂ ಇಲ್ಲ. ದೂರದಲ್ಲಿ ಮಗನ ಕೋಣೆಯ ಬಾಗಿಲಿಗೆ ಚಿಲಕ ಬಿದ್ದದ್ದು ಮಾತ್ರ ಕೇಳಿಸಿತು. ಮುದುಕಿ ಎದ್ದು ಕೂತಳು. ಆಮೇಲೆ ಮಲಗಿದಳು. ಕಣ್ಣಲ್ಲಿ ನೀರು ಬಂದು ಕಿವಿಯ ಕಡೆ ಇಳಿಯಿತು. ಅದು ಸಂಕಟದ್ದೋ ಸಮಾಧಾನದ್ದೋ ಅವಳಿಗೇ ತಿಳಿಯಲಿಲ್ಲ.

“ಅಜ್ಜಿ, ನಿದ್ದೆ ಬಂತಾ?” ಪಕ್ಕದಿಂದ ಪಿಟೀಲು ಪಿಸುಗುಟ್ಟಿದಳು.

“ಬಂತು. ದಿಂಬಿಗೆ ತಲೆ ಕೊಟ್ರೆ ಕಲ್ಲು.”

“ಕಲ್ಲು ಉತ್ತರ ಕೊಡಲ್ಲ ಅಜ್ಜಿ.”

ಮುದುಕಿ ಉತ್ತರ ಕೊಡಲಿಲ್ಲ. ಕತ್ತಲೆಯಲ್ಲಿ ಹುಡುಗಿಯ ಕೈ ಹುಡುಕಿ ಹಿಡಿದುಕೊಂಡು, ಅಲ್ಲಾಡದೆ ಮಲಗಿದಳು.